ಎಂಬತ್ತರ ಡಿಸ್ಕಿಗೆ ಒಂದು ಟೊಪ್ಪಿ

“ಆಗಾಕಿಲ್ಲ ಬುಡು” ಎಂದವರು ನಮ್ಮ ಸೋದರಮಾವ ರಂಗಮಾವ. ಹಾಗೆಂದು ಇಪ್ಪತ್ತು ವರ್ಷವಾಯಿತು. ಮೊನ್ನೆ ಬಡ್ತಿಯ ಸಂದರ್ಶನಕ್ಕೆ ಡಿಗ್ರಿ ಸರ್ಟಿಫಿಕೇಟು ಬೇಕಾಗಿ ಅರಕಲಗೂಡಿಗೆ ಹೋಗಿದ್ದೆ. ನಮ್ಮಲ್ಲಿ ಬೆಲೆಯುಳ್ಳ ಕಾಗದವೆಲ್ಲ ಮಾವನ ಟ್ರಂಕಿಗೇ ಸೇರುವುದು. ಅವರು ತೆಗೆದ ಕವರಿಗೆ ಹೊಗೆಸೊಪ್ಪಿನ ವಾಸನೆ. ಒಳಗಿನಿಂದ ಅಕ್ಕಿಕಾಳಿನಷ್ಟು ಪುಟ್ಟ ಕರಿಯ ಪ್ಲಾಸ್ಟಿಕ್ ಚೂರೊಂದು ಜಾರಿ ಬಿತ್ತು. ನನಗೆ ನಗು ತಡೆಯಲಿಲ್ಲ.

ಯಾಕೆ ಅಂತ ಹೇಳುತ್ತೇನೆ, ಕೇಳಿ. ಆಗ ನಾನು ಹಾಸನದಲ್ಲಿ ಬಿಸಿಎ ಕೊನೆಯ ವರ್ಷ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ದಾಟಿದ್ದಕ್ಕೆ ನನಗೆ ಸ್ವಲ್ಪ ಜಂಬವೂ ಇತ್ತು. ಮುಚ್ಚಿಹೋದ ಟೈಪಿಂಗ್ ಸೆಂಟರಿನಿಂದ ಮಾವ ಒಂದು ಹಳೆಯ ಕಂಪ್ಯೂಟರ್ ಮನೆಗೆ ತಂದುಕೊಟ್ಟಿದ್ದರು. ಆನ್ ಮಾಡಿದರೆ ರಾಗಿ ಬೀಸುವ ಸದ್ದು. ಒಂದು ಶುಕ್ರವಾರ ಆ ಸದ್ದೂ ನಿಂತಿತು. ಹಾರ್ಡ್ ಡಿಸ್ಕ್ ಸತ್ತಿತ್ತು. ಸೋಮವಾರ ಪ್ರಾಜೆಕ್ಟ್ ಒಪ್ಪಿಸದಿದ್ದರೆ ಡಿಗ್ರಿ ಇಲ್ಲ. ಪ್ರಾಜೆಕ್ಟ್ ಎಂದರೆ ಬಸ್ಸುಗಳ ವೇಳೆ ತೋರಿಸುವ ಪ್ರೋಗ್ರಾಮು. ಮುಕ್ಕಾಲು ಭಾಗ ಫ್ಲಾಪಿಯಲ್ಲಿ ಉಳಿದಿತ್ತು. ನಮ್ಮ ಕಡೆಯ ಯಾವ ಬಸ್ಸೂ ಆ ವೇಳೆಯನ್ನು ಪಾಲಿಸುತ್ತಿರಲಿಲ್ಲ, ಆ ಮಾತು ಬೇರೆ.

ಸತ್ತದ್ದು ನಾಲ್ಕು ಜಿಬಿಯದು. ಹಾಸನದ ಅಂಗಡಿಯಲ್ಲಿ ಸಿಕ್ಕಿದ್ದು ಎಂಬತ್ತರದು. ಅಂಗಡಿಯವನು ಆ ಕರಿಯ ಚೂರು ಕೊಟ್ಟು, “ನಿಮ್ಮ ಕಂಪ್ಯೂಟರಿನ ಬೋರ್ಡು ಹಳೇದು ಮೇಡಂ. ಎಂಬತ್ತು ಅಂದ್ರೆ ಗಾಬರಿಯಾಗಿ ನಿಂತೋಗುತ್ತೆ. ಡಿಸ್ಕಿನ ಹಿಂದೆ ಎರಡು ಮುಳ್ಳಿದಾವಲ್ಲ, ಅದಕ್ಕೆ ಈ ಟೊಪ್ಪಿ ಹಾಕಿ. ಆಗ ಡಿಸ್ಕು ತಾನು ಬರೀ ಮೂವತ್ತೆರಡು ಅಂತ ಹೇಳ್ಕೊಳ್ಳುತ್ತೆ” ಎಂದ. ಕೇಳಿ ನನಗೆ ಡಿಸ್ಕಿನ ಮೇಲೆ ಅಕ್ಕರೆ ಹುಟ್ಟಿತು. ಮನೆಯಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಗೊತ್ತಿದ್ದದ್ದನ್ನೂ ಮಾವನನ್ನು ಕೇಳಿ, ಅವರು ತಪ್ಪು ಹೇಳಿದರೂ ತಲೆಯಾಡಿಸುತ್ತಿದ್ದೆ. ಓದು ನಿಲ್ಲದಿರಲಿ ಎಂದು.

ಮಾವ ಹೊಗೆಸೊಪ್ಪು ಬೇಯಿಸುವ ಬಿಸಿಗೂಡುಗಳ, ಅಂದರೆ ಬ್ಯಾರನ್‌ಗಳ, ರಿಪೇರಿಯವರು. ಡಿಸ್ಕನ್ನು ತಿರುಗಿಸಿ ನೋಡಿ ತೀರ್ಪು ಕೊಟ್ಟರು: “ಅಳೇ ಬ್ಯಾರನ್‌ಗೆ ವಸ ಪೈಪು ಕೂತದಾ? ಆಗಾಕಿಲ್ಲ ಬುಡು. ಡಿಗ್ರಿನೂ ಅಂಗೇಯ, ನಮ್ಮನೇಗೆ ಕೂರಾಕಿಲ್ಲ.”

ಭಾನುವಾರ ಡಿಸ್ಕ್ ಕೂರಿಸಲು ಹೊರಟೆ. ಹೊಸ ಸಾಮಾನು ಪೂಜೆಯಾಗದೆ ಒಳಗೆ ಹೋಗುವಂತಿಲ್ಲ ಎಂಬುದು ಅವ್ವನ ಕಾನೂನು. ಟೊಪ್ಪಿ ಕಳೆದೀತೆಂದು ಪಕ್ಕದಲ್ಲಿದ್ದ ತಟ್ಟೆಯಲ್ಲಿಟ್ಟೆ. ಪದವಿ ಓದುವವಳ ಬುದ್ಧಿ ನೋಡಿ, ಅದು ಅಕ್ಷತೆಯ ತಟ್ಟೆ. ಅವ್ವ “ಕಣ್ಮುಚ್ಕ” ಎಂದು ಡಿಸ್ಕಿಗೆ, ಕಂಪ್ಯೂಟರಿಗೆ, ನನ್ನ ತಲೆಗೆ ಹಿಡಿ ಹಿಡಿ ಅಕ್ಷತೆ ಹಾಕಿದಳು. ಕಣ್ಣು ಬಿಟ್ಟರೆ ತಟ್ಟೆ ಖಾಲಿ.

ಅವ್ವ, ಮಾವ, ನಾನು ಮೂವರೂ ನೆಲದ ಮೇಲೆ ಅಂಬೆಗಾಲಿಕ್ಕಿದೆವು. ಅಷ್ಟರಲ್ಲಿ ಹಿತ್ತಿಲ ಕೋಳಿ ಬಂದು ನಾಲ್ಕು ಕಾಳು ಕುಟುಕಿ ಹೋಯಿತು.

“ಕೋಳಿ ನುಂಗ್ಬುಡ್ತೇನೋ ಕಣಣ್ಣ” ಎಂದಳು ಅವ್ವ.

“ಕುಯ್ದು ನೋಡಾಣ. ಎಂಗೂ ಭಾನುವಾರ” ಎಂದರು ಮಾವ.

ನನಗೆ ಅಳು ಬಂದು ತಲೆ ತಗ್ಗಿಸಿದೆ. “ಅಲ್ಲಾಡ್ಬ್ಯಾಡ ಮಗ” ಎಂದರು ಮಾವ. ಹೊಗೆಸೊಪ್ಪಿನ ಎಲೆ ಎಲೆಯ ಚುಕ್ಕಿ ಹುಡುಕಿ ಪಳಗಿದ ಕಣ್ಣು. ನನ್ನ ಜಡೆಯ ಸೀಳಿನಿಂದ ಟೊಪ್ಪಿಯನ್ನು ಹೆಕ್ಕಿದರು. ಕೋಳಿ ಬದುಕಿತು. ಮುಳ್ಳು ಕೀಳುವ ಚಿಮಟದಲ್ಲಿ ಹಿಡಿದು, ನಾನು ತೋರಿಸಿದ ಜಾಗಕ್ಕೆ ತಾವೇ ಕೂರಿಸಿದರು. ಡಿಸ್ಕನ್ನು ಒಳಗೆ ಜೋಡಿಸಿ ಆನ್ ಮಾಡಿದೆ. ಸದ್ದೇ ಇಲ್ಲ. ಮಾವ ಉಸಿರಿದೆಯಾ ಎಂದು ಡಬ್ಬಕ್ಕೆ ಕಿವಿಯಿಟ್ಟರು. ತೆರೆಯ ಮೇಲೆ ಮೂವತ್ತೆರಡು ಎಂದು ಮೂಡಿತು.

“ಎಂಬತ್ತು ಅಂದಿದ್ದೆ?”

“ಉಳಿದದ್ದೂ ಒಳಗೇ ಇದೆ ಮಾವ. ಹೇಳ್ಕೊಳ್ಳಲ್ಲ ಅಷ್ಟೇ.”

ಮಾವ ಡಿಸ್ಕನ್ನು ನೋಡಿದರು. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು.

ಸೋಮವಾರ ಪ್ರಾಜೆಕ್ಟ್ ಒಪ್ಪಿಸಿದೆ. ಡಿಗ್ರಿಯೂ ನಮ್ಮ ಮನೆಗೆ ಬಂದು ಕೂತಿತು. ಮುಂದೆ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಮಾವ ಆ ಟೊಪ್ಪಿಯನ್ನು ಕಿತ್ತಿಟ್ಟುಕೊಂಡದ್ದು ನನಗೆ ಮೊನ್ನೆಯೇ ತಿಳಿದದ್ದು.

“ನನಗೆಲ್ಲಿ ಬಡ್ತಿ ಸಿಗುತ್ತೆ ಮಾವ, ಸಂದರ್ಶನಕ್ಕೆ ಬರೋರೆಲ್ಲ ದೊಡ್ಡ ದೊಡ್ಡ ಊರಲ್ಲಿ ಓದಿದೋರು” ಎಂದೆ. ಅವರು ಟೊಪ್ಪಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, ಸರ್ಟಿಫಿಕೇಟನ್ನಷ್ಟೇ ನನ್ನ ಕೈಗಿತ್ತರು.

“ಅಲ್ಲೋಗಿ ಮೂವತ್ತೆರಡು ಅನ್ಬ್ಯಾಡ ಕಣವ್ವ. ಎಂಬತ್ತೂ ತೋರ್ಸು. ಟೊಪ್ಪಿ ನನ್ತಾವೇ ಇರ್ಲಿ.”