ತಂತಿಯ ಮೇಲಿನ ಒದ್ದೆ ಅಂಗಿ

ಕಳೆದ ಭಾನುವಾರ ಗೆಳೆಯ ಲೋಕೇಶ ಮನೆಗೆ ಬಂದ. ಅವನಿಗಿಂತ ಮುಂಚೆ ಅವನ ವಾಸನೆ ಬಂತು. ಅಕ್ಕೂರಿನಲ್ಲಿ ಅವನು ರೇಷ್ಮೆ ಹುಳ ಸಾಕುತ್ತಾನೆ. ಒಂದು ಬೆಳೆ ಮುಗಿದ ಮೇಲೆ ಹುಳದ ಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯಬೇಕು. ಆ ವಾಸನೆ ಎಷ್ಟು ಸೋಪು ಉಜ್ಜಿದರೂ ಮೈ ಬಿಡುವುದಿಲ್ಲ. ನನ್ನ ಹೆಂಡತಿ ಸುಧಾ ಒಳಗಿನಿಂದಲೇ, "ಲೋಕೇಶ್ ಬಂದ್ರು ನೋಡಿ" ಎಂದಳು. ನಾನು ಬಂದದ್ದನ್ನು ಅವಳು ಎಂದಾದರೂ ಹೀಗೆ ಮೂಗಿನಿಂದಲೇ ಗುರುತಿಸಿದ್ದುಂಟೇ? ನೆನಪಿಲ್ಲ. ನನ್ನ ನೆನಪನ್ನು ನಾನು ನಂಬುವವನಲ್ಲ, ಆದರೂ ಹೊಟ್ಟೆಯಲ್ಲೊಂದು ಕಿಡಿ ಹೊತ್ತಿಕೊಂಡಿತು.

ಆ ಕಿಡಿ ಹಳೆಯದು. ಮದುವೆಗೆ ಮುಂಚೆ ನಾವು ಮೂವರೂ ರಾಮನಗರದ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದೆವು. ಶನಿವಾರ ಮ್ಯಾಟಿನಿ ನೋಡಿ, ಬಸ್ ನಿಲ್ದಾಣದೆದುರಿನ ಟೀ ಅಂಗಡಿಯಲ್ಲಿ ನಿಂತು, ಸುಧಾಳನ್ನು ಮಾಗಡಿ ಬಸ್ಸು ಹತ್ತಿಸುವುದು ವಾಡಿಕೆ. ಮಾಗಡಿಗೆ ರೈಲಿಲ್ಲ, ಬಸ್ಸೂ ಹೇಳಿದ ಹೊತ್ತಿಗೆ ಬರುವುದಿಲ್ಲ. ನನ್ನ ಸಂಸಾರಕ್ಕೆ ಸಾರಿಗೆ ಅವ್ಯವಸ್ಥೆಯೇ ಬುನಾದಿ ಎಂದರೆ ತಪ್ಪಾಗಲಾರದು.

ಬಸ್ಸು ಬರುವವರೆಗೆ ನಮಗೊಂದು ಆಟವಿತ್ತು. ನೋಡಿದ ಸಿನಿಮಾದ ಕತೆಯಲ್ಲಿ ಒಬ್ಬರು ತೂತು ಹುಡುಕಬೇಕು, ಇನ್ನೊಬ್ಬರು ಅದಕ್ಕೆ ತೇಪೆ ಹಾಕಬೇಕು. ತೂತಿನ ಖಾತೆ ನನ್ನದು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅನುಮಾನ ಪಡುವುದೊಂದನ್ನೇ. ತೇಪೆ ಲೋಕೇಶನದು. ಸುಧಾ ನಗುತ್ತಿದ್ದುದು ತೇಪೆಗೆ. ತೂತು ಕಂಡುಹಿಡಿದವನನ್ನು ನೋಡಿ ಯಾವ ಹುಡುಗಿ ನಕ್ಕಾಳು, ನೀವೇ ಹೇಳಿ.

ಒಂದು ಶನಿವಾರ ನೋಡಿದ ಸಿನಿಮಾ ಹೀಗಿತ್ತು. ಪ್ರಪಂಚ ನಾಶವಾಗಿದೆ, ಹಾಳುಬಿದ್ದ ಊರುಗಳಲ್ಲಿ ಮನುಷ್ಯರನ್ನು ತಿನ್ನುವ ಪಿಶಾಚಿಗಳು ತಿರುಗುತ್ತಿವೆ, ಉಳಿದವರು ಅಡಗಿ ಬದುಕುತ್ತಿದ್ದಾರೆ.

"ಎಲ್ಲಾ ಸತ್ತು ವರ್ಸ ಆಯ್ತು, ಹೀರೋ ಗಡ್ಡ ಮಾತ್ರ ನೀಟಾಗಿ ಟ್ರಿಮ್ ಆಗೈತಲ್ಲೋ" ಎಂದೆ ನಾನು.

"ಕಟಿಂಗ್ ಶಾಪ್ನೋನು ಒಬ್ಬ ಉಳ್ಕಂಡವ್ನೆ ಕಣ್ಲಾ. ಅವನ ಕತೆ ಪಾರ್ಟ್ ಟೂನಲ್ಲಿ ಬತ್ತದೆ" ಎಂದ ಲೋಕೇಶ. ಸುಧಾಳ ಟೀ ನೆತ್ತಿಗೇರಿತು.

ನಾನು ಸುಮ್ಮನಿರಲಿಲ್ಲ. ಒಂಟಿಯಾಗಿದ್ದ ಹೆಂಗಸೊಬ್ಬಳ ದೃಶ್ಯ ಹಿಡಿದೆ. "ಗಂಡ ಮೊದಲನೇ ಸೀನಲ್ಲೇ ಸತ್ತ. ಕುಡಿಯೋಕೇ ನೀರಿಲ್ಲ. ಆದ್ರೂ ಅಂಗಳದ ತಂತಿ ಮೇಲೆ ದಿನಾ ಅವನ ಒದ್ದೆ ಅಂಗಿ! ಯಾಕೆ ಒಗೀತಾಳೆ? ಹಾಕು ತೇಪೆ."

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ. ಲೋಕೇಶ ಲೋಟ ಕೆಳಗಿಟ್ಟು ಹೇಳಿದ: "ಮನೇಲಿ ಗಂಡಸವ್ನೆ ಅಂತ ಕಾಣ್ಲಿ ಅಂತ. ಅವ್ಳಿಗೆ ಪಿಶಾಚಿ ಭಯ ಅಲ್ಲ ಕಣ್ಲಾ, ಬದುಕಿರೋರ ಭಯ." ಸುಧಾ ಈ ಸಲ ನಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಾಗಡಿಯ ಮನೆಯಲ್ಲಿ ಅಮ್ಮನೂ ಹೀಗೇ ತಂತಿಯ ಮೇಲೆ ಅಂಗಿ ಹಾಕುತ್ತಿದ್ದರು ಎಂದಳು. ಅವಳ ಕಣ್ಣು ತುಂಬಿತ್ತು. ಬಸ್ಸು ಬಂತು.

ಆಮೇಲೆ ಲೋಕೇಶ ಕೆಲಸ ಬಿಟ್ಟು ಹುಳ ಸಾಕಲು ಅಕ್ಕೂರಿಗೆ ಹೋದ. ನಾನು ಸುಧಾಳನ್ನು ಕೇಳಿದೆ, ಅವಳು ಒಪ್ಪಿದಳು. ಆದರೆ ಆ ಒಂದು ಮಾತಿಗೆ ಅವಳ ಕಣ್ಣು ತುಂಬಿದ್ದು ಮರೆಯಲಾಗಲಿಲ್ಲ. ಲೋಕೇಶ ಕೇಳಲಿಲ್ಲ ಎಂಬ ಕಾರಣಕ್ಕೆ ನಾನು ಸಿಕ್ಕೆನೇ? ಅವನು ಊಟಕ್ಕೆ ಬಂದಾಗ ದೋಸೆಯ ಗರಿಗರಿ ಅಂಚು ಯಾರ ತಟ್ಟೆಗೆ ಬಿತ್ತೆಂದು ಓರೆಗಣ್ಣಲ್ಲಿ ನೋಡುವ ಮಟ್ಟಕ್ಕೆ ಇಳಿದಿದ್ದೇನೆ. ಓದಿದವನ ಹೊಟ್ಟೆಕಿಚ್ಚಿಗೆ ಹೆಚ್ಚೇನೂ ಅಂತಸ್ತಿರುವುದಿಲ್ಲ.

ಭಾನುವಾರ ಊಟವಾದ ಮೇಲೆ ಅದೇ ಸಿನಿಮಾದ ಎರಡನೇ ಭಾಗವನ್ನು ಟಿವಿಯಲ್ಲಿ ಹಾಕಿದೆವು. ಕಟಿಂಗ್ ಶಾಪಿನವನು ಬರಲೇ ಇಲ್ಲ. "ಮೋಸ ಮಾಡ್ಬುಟ್ರು" ಎಂದು ಲೋಕೇಶ ನೊಂದುಕೊಂಡ. ಸುಧಾ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಆವತ್ತು ಅಂಗಿ ವಿಷಯ ಚೆನ್ನಾಗಿ ಹೇಳ್ದೆ ಬಿಡು" ಎಂದೆ, ಹೊಗಳುವವನಂತೆ.

"ನಾನೆಲ್ ಹೇಳ್ದೆ? ಹೇಳಿದ್ದು ನೀನು ಕಣ್ಲಾ! ಸುಧಾ ಅತ್ಬುಟ್ಳು. ನಂಗೆ ಎಂಗ್ ಉರೀತು ಗೊತ್ತಾ? ಊರಿಗೋಗಿ ಮೂರ್ ದಿನ ಯಾರ್ ಜೊತೇನೂ ಮಾತಾಡ್ನಿಲ್ಲ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇಷ್ಟು ವರ್ಷ ಒಂದೇ ಮಾತಿಗೆ ಎರಡು ಮನೆಯಲ್ಲಿ ಒಲೆ ಉರಿದಿತ್ತು.

"ಹೇಳಿದ್ದು ನಾನು" ಎಂದಳು ಸುಧಾ, ಕಾಳಿನಿಂದ ಕಣ್ಣೆತ್ತದೆ. "ನೀವಿಬ್ರೂ ಅದು ಇರಬಹುದು, ಇರಲಾರದು ಅಂತ ಕಿತ್ತಾಡ್ತಿದ್ರಿ. ಅದಕ್ಕೇ ಅಮ್ಮನ ವಿಷಯ ಹೇಳ್ಬೇಕಾಯ್ತು."

ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು ತುಂಬಿದ ಮನೆಯ ಲೋಕೇಶನಿಗೆ ಆ ಭಯ ಎಲ್ಲಿಂದ ಗೊತ್ತಿರಬೇಕು? ನನಗಾದರೂ? ಊರಿನ ಸಿನಿಮಾಗಳಲ್ಲೆಲ್ಲ ತೂತು ಹುಡುಕಿದ ನನಗೆ ನನ್ನದೇ ನೆನಪಿನ ಇಷ್ಟು ದೊಡ್ಡ ತೂತು ಕಾಣಲಿಲ್ಲ.

"ಅದು ನಿಮ್ಮಪ್ಪನ ಅಂಗೀನಾ?" ಲೋಕೇಶ ಮೆಲ್ಲಗೆ ಕೇಳಿದ.

"ಅಲ್ಲ. ಒಗೆದ್ರೆ ವಾಸ್ನೆ ಹೋಯ್ತದೆ ಅಂತ ಅಪ್ಪನ ಅಂಗೀನ ಅಮ್ಮ ಪೆಟ್ಟಿಗೇಲಿ ಇಟ್ಟಿದ್ರು. ತಂತಿಗೆ ಸಂತೇಲಿ ಬೇರೆ ತಂದ್ರು. ಬೇಕಂತಲೇ ದೊಡ್ಡ ಸೈಜು. ನಮ್ಮಪ್ಪ ಸಣಕಲ, ಅವರ ಅಂಗಿ ನೋಡಿ ಯಾರು ಹೆದರ್ತಾರೆ?"

ಮೂವರೂ ನಕ್ಕೆವು. ಸಂಜೆ ಬಸ್ಸಿಗೆ ಲೋಕೇಶ ಹೊರಟ. ಅವನನ್ನು ಕಳಿಸಿ ಬಂದು ಕೇಳಿದೆ: "ಹಾಗಾದ್ರೆ ನನ್ನನ್ನ ಯಾಕೆ ಒಪ್ಪಿದೆ?"

"ಆವತ್ತು ಬಸ್ ಹತ್ತಿದ್ ಮೇಲೆ ಕಿಟಕಿ ಹತ್ರ ಓಡಿಬಂದು, ಒಣಗಿದ್ ಮೇಲೆ ಆ ಅಂಗೀನ ಯಾರು ತೆಗೀತಿದ್ರು ಅಂತ ಕೇಳಿದ್ರಿ. ಅದನ್ನ ಯಾರೂ ಕೇಳಿರ್ಲಿಲ್ಲ."

ನಿಜ ಹೇಳುತ್ತೇನೆ, ನನಗಿದು ಒಂದಿಷ್ಟೂ ನೆನಪಿಲ್ಲ. ಕಿಟಕಿಯ ಕೆಳಗೆ ಓಡಿಬಂದ ಆ ಯುವಕ ನಾನೇ ಎಂದು ಯಾವ ಪುರಾವೆಯ ಮೇಲೆ ನಂಬಲಿ? ಆದರೆ ಲೋಕೇಶನ ಮೇಲೆ ಎಂದೂ ಪಡದಷ್ಟು ಹೊಟ್ಟೆಕಿಚ್ಚು ಆ ಯುವಕನ ಮೇಲೆ ಬಂತು.

"ನೀನೇನಂದೆ?"

"ಏನ್ ಹೇಳೋದು, ಬಸ್ ಹೊರಟ್ಬುಡ್ತು. ಆಮೇಲೆ ನೀವು ಕೇಳ್ಲೇ ಇಲ್ಲ."

ಅವಳ ಪಕ್ಕ ನೆಲದ ಮೇಲೆ ಕೂತೆ. ಬೋಗುಣಿಯಿಂದ ಒಂದು ಹಿಡಿ ಕಾಳು ತೆಗೆದುಕೊಂಡೆ.

"ಈಗ ಹೇಳು" ಎಂದೆ. "ಯಾರು ತೆಗೀತಿದ್ರು?"