ಹಿಟ್ಟಿನ ಮೂಟೆಗೆ ಬಿದ್ದ ಏಟು

ಗುನ್ವೋರ್ ಕೆಟ್ಟವಳಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಮೋಲಾಂಡ್ ಸೀಮೆಯ ಕಾಡಂಚಿನಲ್ಲಿ ಒಟ್ಟಾಗಿ ಬಾಳುತ್ತಿದ್ದ ನಮ್ಮ ಕ್ರೈಸ್ತ ಸಭೆಯವರ ಬಟ್ಟೆಗಳನ್ನು ನಾನೂ ಅವಳೂ ಒಂದೇ ತೊಟ್ಟಿಯಲ್ಲಿ ವರ್ಷಗಟ್ಟಲೆ ಒಗೆದವರು. ಮರ ಕಡಿಯುವಾಗ ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಮಗಳು ಮೈಕೆನ್ ಒಬ್ಬಳೇ. ಜಿಪುಣ ಗಂಟು ಕಾಯುವ ಹಾಗೆ ಆ ಮಗುವನ್ನು ಕಾಯುತ್ತಿದ್ದಳು.

ನಮ್ಮಲ್ಲಿ ತಪ್ಪು ಮಾಡಿದ ಮಗು ತಾನೇ ದೊಡ್ಡವರೊಬ್ಬರ ಮುಂದೆ ಹೋಗಿ ಒಪ್ಪಿಕೊಂಡು, ಬರ್ಚ್ ಮರದ ಕಡ್ಡಿಗಳ ಬರಲಿನ ಏಟು ತಿನ್ನಬೇಕು. ತಿಂದಾದ ಮೇಲೆ ಹೊಡೆದ ಕೈಗೆ ಮುತ್ತಿಡಬೇಕು. ಯಾರ ಬಳಿ ಹೋಗುವುದೆಂದು ಮಾತ್ರ ಮಗುವೇ ಆರಿಸಿಕೊಳ್ಳಬಹುದು. ಮಕ್ಕಳಿಗಿದ್ದ ಸ್ವಾತಂತ್ರ್ಯ ಅದೊಂದೇ. ಹೆಚ್ಚಿನ ಮಕ್ಕಳು ತಾಯಿಯ ಬಳಿಯೇ ಹೋಗುತ್ತಿದ್ದವು. ಮೈಕೆನ್ ಓಡುತ್ತಿದ್ದದ್ದು ರೊಟ್ಟಿಮನೆಯ ಹಿಲ್ಲೆವಿಯ ಬಳಿಗೆ.

ಹಿಲ್ಲೆವಿ ಸಭೆಗೆಲ್ಲ ರೊಟ್ಟಿ ಸುಡುತ್ತಿದ್ದ, ಮದುವೆಯಾಗದ ಹೆಂಗಸು, ನಕ್ಕರೆ ಮೈಯೆಲ್ಲ ಕುಲುಕುವಷ್ಟು ದಪ್ಪ.

"ಹೆತ್ತೋಳು ನಾನು. ಏಟು ತಿನ್ನೋಕೂ ಅವಳೇ ಬೇಕಂತೆ," ಎಂದು ಗುನ್ವೋರ್ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು.

"ನಿನ್ನ ಕೈ ಜೋರಿರಬೇಕು ಕಣೇ," ಎಂದೆ.

"ನಾನು ಹೊಡೆದ್ರೆ ಅದು ಅಕ್ಕರೆ. ಅವಳಿಗೇನು, ಹೆತ್ತಿದ್ದಾಳಾ, ಹೊತ್ತಿದ್ದಾಳಾ?"

ಶನಿವಾರದ ಸ್ನಾನದ ಮನೆಯಲ್ಲಿ ಎಲ್ಲ ಮಕ್ಕಳ ಬೆನ್ನ ಮೇಲೂ ಬಾಸುಂಡೆ. ಹಿಂದಿನ ದಿನವಷ್ಟೇ ಏಟು ತಿಂದು ಬಂದಿದ್ದ ಮೈಕೆನಳ ಬೆನ್ನು ಮಾತ್ರ ಬೆಣ್ಣೆಯ ಹಾಗಿತ್ತು. ಕೂದಲಲ್ಲಿ ಒಂದಿಷ್ಟು ರೈ ಧಾನ್ಯದ ಹಿಟ್ಟು. ಬೇರೆ ತಾಯಿಯಾಗಿದ್ದರೆ ಸಂತೋಷಪಡುತ್ತಿದ್ದಳು. ಗುನ್ವೋರಳ ಹೊಟ್ಟೆಗೆ ಬೆಂಕಿ ಬಿತ್ತು.

ಮುಂದಿನ ವಾರ ಮೈಕೆನ್ ಕೋಳಿಗೂಡಿನ ಬಾಗಿಲು ಹಾಕಲು ಮರೆತು, ತಪ್ಪೊಪ್ಪಿಕೊಳ್ಳಲು ರೊಟ್ಟಿಮನೆಗೆ ಹೋದಳು. ಗುನ್ವೋರ್ ಹಿಂದೆಯೇ ಹೋಗಿ ಹಿತ್ತಿಲ ಕಿಟಕಿಯಲ್ಲಿ ಇಣುಕಿದಳು. ಹಿಲ್ಲೆವಿ ಬರಲೆತ್ತಿ ಹಿಟ್ಟಿನ ಮೂಟೆಗೆ ಬಾರಿಸುತ್ತಿದ್ದಳು. ಪ್ರತಿ ಏಟಿಗೂ ಮೈಕೆನ್ "ಅಯ್ಯೋ" ಎಂದು ಊರಿಗೆಲ್ಲ ಕೇಳುವಂತೆ ಕೂಗಿ, ಅವಳ ಏಪ್ರನ್ನಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು.

"ನನ್ ಹತ್ರ ಒಂದಿನಾನೂ ಹಾಗೆ ನಕ್ಕಿಲ್ಲ ಅವಳು," ಎಂದಳು ಗುನ್ವೋರ್ ನನ್ನ ಬಳಿ ಬಂದು.

"ಮಗು ಬೆನ್ನು ಉಳೀತಲ್ಲ. ಬಿಟ್ಬಿಡೇ."

ಬಿಡಲಿಲ್ಲ. ನಮ್ಮಲ್ಲಿ ದೂರನ್ನು ಗುಟ್ಟಾಗಿ ಹೇಳುವಂತಿಲ್ಲ. ಭಾನುವಾರ ಎಲ್ಲರೆದುರು ಎದ್ದು ನಿಂತು, ತಪ್ಪು ಮಾಡಿದವರ ಮುಖ ನೋಡಿ ಹೇಳಬೇಕು. ಗುನ್ವೋರ್ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಮಗಳು ಪಕ್ಕದಲ್ಲೇ ಕೂತಿದ್ದಳು. ಮಗುವಿಗೆ ಶಿಕ್ಷೆ ಬೇಡವೆಂದು ಗುನ್ವೋರ್ ಬೇಡಿಕೊಂಡದ್ದಕ್ಕೆ ಸಭೆಯ ಹಿರಿಯ ತೋರ್ಸ್ಟನ್ ಒಪ್ಪಿದ. ಹಿಲ್ಲೆವಿಯನ್ನು ಸಭೆಯಿಂದ ಹೊರಹಾಕಿದರು. ಮಾರನೆಯ ಬೆಳಿಗ್ಗೆ ಹಾಲಿನ ಲಾರಿಯಲ್ಲಿ ತನ್ನ ಪೆಟ್ಟಿಗೆಯ ಮೇಲೆ ಕೂತು ಅವಳು ಹೊರಟಾಗ ಮಕ್ಕಳ್ಯಾರೂ ಕೈಬೀಸಬಾರದೆಂದು ಆಜ್ಞೆಯಾಗಿತ್ತು. ನನಗಂತೂ ಗುನ್ವೋರಳ ಕೆನ್ನೆಗೆ ಬಾರಿಸಬೇಕೆನಿಸಿತು.

ಆಮೇಲೆ ಅವಳು ಮಾಡಿದ ಕೆಲಸ ನೋಡಿ. ರೊಟ್ಟಿಮನೆಯಿಂದ ಒಂದು ಹಿಟ್ಟಿನ ಮೂಟೆ ಎಳೆದು ತಂದು ತನ್ನ ಕೋಣೆಯ ಮೂಲೆಯಲ್ಲಿಟ್ಟಳು.

"ಇದ್ಯಾಕೆ?" ಎಂದೆ.

"ಇನ್ಮೇಲೆ ನನ್ ಹತ್ರಾನೇ ಬರ್ತಾಳಲ್ಲ," ಎಂದಳು. ಮದುವಣಗಿತ್ತಿಯ ಹಾಗೆ ಕಾದಳು.

ಒಂದು ಮಧ್ಯಾಹ್ನ ಮೈಕೆನ್ ಹಾಲಿನ ಹೂಜಿ ಒಡೆದಳು. ಗುನ್ವೋರ್ ಒದ್ದೆ ಕೈಯಲ್ಲೇ ಓಡಿಹೋಗಿ ತನ್ನ ಬಾಗಿಲು ತೆರೆದು ನಿಂತಳು. ಮಗು ಅಂಗಳ ದಾಟಿ ಬಂತು, ತಾಯಿಯ ಬಾಗಿಲನ್ನು ಹಾದು ಹೋಯಿತು, ತೋರ್ಸ್ಟನ್ನನ ಮನೆಯ ಕದ ತಟ್ಟಿತು. ನಮ್ಮ ಸಭೆಯಲ್ಲೇ ಅತಿ ಭಾರದ ಕೈ ಅವನದು. ಆ ದಿನದ ಕೂಗು ನಟನೆಯದಲ್ಲ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಬಗ್ಗಿ ಬಗ್ಗಿ ನಡೆದು ಬಂದ ಮಗಳ ಮುಂದೆ ಗುನ್ವೋರ್ ಮಂಡಿಯೂರಿದಳು.

"ನನ್ ಹತ್ರ ಯಾಕೆ ಬರ್ಲಿಲ್ಲ ಪುಟ್ಟಿ? ನೋಡು, ನಿಂಗೋಸ್ಕರ ಮೂಟೆ ತಂದಿಟ್ಟಿದ್ದೆ."

ಮೈಕೆನ್ ಮೂಟೆಯನ್ನು ನೋಡಿದಳು, ತಾಯಿಯನ್ನೂ ನೋಡಿದಳು.

"ತೋರ್ಸ್ಟನ್ ತಾತ ಹೊಡೀತಾರೆ ಅಷ್ಟೆ," ಎಂದಳು. "ನೀನು ಹೇಳ್ಬಿಡ್ತೀಯ."