ಬ್ಯಾಟರಿಗೆ ಹಚ್ಚಿದ ವಿಭೂತಿ

ಗೋವಾದ ಉಸಗಾಂವದ ಅದಿರು ಗಣಿಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಪಂಚಾಕ್ಷರಿಗೆ ಎರಡು ದೇವರು: ಕೊರಳಲ್ಲಿ ಲಿಂಗ, ಕೋಣೆಯಲ್ಲಿ ಸರ್ವರ್. ಧಾರವಾಡದ ಕಿರಾಣಿ ವ್ಯಾಪಾರಿಯ ಮಗ, ನಲವತ್ತು ದಾಟಿದವನು. ಇಡೀ ಆಫೀಸಿನಲ್ಲಿ ಎ.ಸಿ. ಇದ್ದದ್ದು ಸರ್ವರ್ ಕೋಣೆಗೆ ಮಾತ್ರ, ಹಾಗಾಗಿ ಈ ಭಕ್ತಿಯಲ್ಲಿ ತುಸು ತಂಪಿನ ಆಸೆಯೂ ಇತ್ತೆನ್ನಿ. ಬಂದವರನ್ನೆಲ್ಲ ನಿಲ್ಲಿಸಿ ಪಾಠ ಹೇಳುತ್ತಿದ್ದ.

"ಇಲ್ಲಿ ಟೈಪ್ ಮಾಡಿದ್ದು ಸೀದಾ ಡಿಸ್ಕಿಗೆ ಹೋಗಂಗಿಲ್ರಿ. ಮೊದಲ ಈ ಕಾರ್ಡಿನ ಮೆಮೊರಿಯೊಳಗ ಕುಂದರತೈತಿ, ಆಮ್ಯಾಲೆ ಡಿಸ್ಕಿಗೆ ಇಳೀತೈತಿ. ನಡುವ ಕರೆಂಟ್ ಹೋದ್ರ ಅದನ್ನ ಕಾಯಾಕ ಈ ಸಣ್ಣ ಬ್ಯಾಟರಿ. ಇದನ್ನ ಕಿತ್ರ, ಪಾಟಿ ಒರೆಸಿದಂಗ, ಎಲ್ಲಾ ಸಾಫ್!"

ಇಷ್ಟೆಲ್ಲ ಗೊತ್ತಿದ್ದವನೇ ಎಡವಿದ. ತೊಂಬತ್ತೈದರ ಖಂಡೇನವಮಿ, ಅಂದರೆ ಆಯುಧಪೂಜೆ. ಆ ದಿನ ಯಂತ್ರಕ್ಕೆ ಪೂಜೆಯಾಗಬೇಕು, ಪೂಜೆಯಾದ ಯಂತ್ರ ಮರುದಿನದವರೆಗೆ ದುಡಿಯಬಾರದು. ಆದರೆ ಸಂಜೆಯವರೆಗೂ ಲಾರಿಗಳು ಬರುತ್ತಲೇ ಇದ್ದವು. ತೂಕದ ಕಾಂಟಾದ ಹತ್ತಿರ ಕೂತ ಹನುಮವ್ವ ಒಂದೊಂದರ ತೂಕವನ್ನೂ ಟೈಪ್ ಮಾಡುತ್ತಿದ್ದಳು. ಅದೇ ಗಣಿಯಲ್ಲಿ ಬುಟ್ಟಿ ಹೊರುವ ಸತ್ಯವ್ವನ ಮಗಳು ಅವಳು. ಕೂಲಿಗಳ ಚಾಳಿನಿಂದ ಬಂದು ಕಂಪ್ಯೂಟರಿನ ಮುಂದೆ ಕೂತ ಮೊದಲ ಹುಡುಗಿ. ತೂಕವನ್ನು ಚೀಟಿಯಲ್ಲಿ ಬರೆಯುವುದನ್ನು ಹಿಂದಿನ ತಿಂಗಳಷ್ಟೇ ನಿಲ್ಲಿಸಿದ್ದರು. ನಿಲ್ಲಿಸಿದವನು ಪಂಚಾಕ್ಷರಿಯೇ, ಜಂಬದಿಂದ.

ಕೊನೆಯ ಲಾರಿ ಹೋಗುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಸರ್ವರನ್ನು ಕ್ರಮದಂತೆ ಬಂದ್ ಮಾಡಲು ಬಹಳ ಹೊತ್ತು ಹಿಡಿಯುತ್ತದೆ. ಬ್ಯಾಟರಿ ಕಾಯುತ್ತದಲ್ಲ ಎಂದು ಪಂಚಾಕ್ಷರಿ ಪ್ಲಗ್ ಎಳೆದ. ಪೆಟ್ಟಿಗೆ ಬಿಚ್ಚಿ ಒಳಗಿನ ಕೆಂಧೂಳು ಒರೆಸಿದ, ಒಂದೊಂದು ಭಾಗಕ್ಕೂ ವಿಭೂತಿ ಹಚ್ಚಿದ. ಮೂಲೆಯಲ್ಲಿದ್ದ ಬ್ಯಾಟರಿಗೆ ಬೆರಳು ಎಟುಕಲಿಲ್ಲ. ಪಾಪ, ಅದೊಂದೇ ಏಕೆ ಬರಿಹಣೆಯಲ್ಲಿರಬೇಕು? ಕಳಚಿ ತೆಗೆದು, ಮೂರು ಬೆರಳು ಎಳೆದು, ಮತ್ತೆ ಸಿಕ್ಕಿಸಿದ. ಭಕ್ತಿಯ ಭರದಲ್ಲಿ ಬುದ್ಧಿ ಎಲ್ಲಿಗೆ ಹೋಗಿತ್ತೋ ಅವನಿಗೇ ಗೊತ್ತು.

ದಸರೆಯ ಬೆಳಿಗ್ಗೆ ಹಿಂದಿನ ದಿನದ ತೂಕದ ಫೈಲು ತೆರೆಯಲೇ ಇಲ್ಲ. ಅದರ ಕೊನೆಯ ತುಂಡು ಕಾರ್ಡಿನ ಮೆಮೊರಿಯಲ್ಲೇ ಉಳಿದಿತ್ತು, ಬ್ಯಾಟರಿ ಕಳಚಿದಾಗ ಅಳಿಸಿಹೋಗಿತ್ತು. ಪಂಚಾಕ್ಷರಿಗೆ ತಕ್ಷಣ ಎಲ್ಲ ಹೊಳೆಯಿತು. ಅಷ್ಟರಲ್ಲಿ ಮ್ಯಾನೇಜರ್ ಸಿದ್ರಾಮಪ್ಪ ಕೆಂಡವಾಗಿ ಒಳಗೆ ಬಂದರು. ನದಿಯಲ್ಲಿ ಅದಿರು ಒಯ್ಯುವ ಬಾರ್ಜು ತೂಕದ ಲೆಕ್ಕಕ್ಕಾಗಿ ಜೆಟ್ಟಿಯಲ್ಲಿ ಕಾಯುತ್ತಿತ್ತು.

"ಯಾರ ಕೆಲಸ ಇದು?"

"ಹುಡುಗಿ ಸೇವ್ ಮಾಡಿಲ್ಲ ಕಾಣತೈತ್ರಿ," ಎಂದುಬಿಟ್ಟಿತು ಪಂಚಾಕ್ಷರಿಯ ನಾಲಿಗೆ.

"ಹಂಗಾದ್ರ ನಾಳಿಂದ ಅಕಿನೂ ಬುಟ್ಟಿ ಹೊರಲಿ."

ಸಂಜೆ ಹನುಮವ್ವ ಬನ್ನಿ ಎಲೆ ಹಿಡಿದು ಪಂಚಾಕ್ಷರಿಯ ಮನೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ದಸರೆಯಂದು ಬನ್ನಿ ಕೊಟ್ಟು, ಹಿರಿಯರ ಕಾಲು ಮುಟ್ಟಿ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುವುದು ಧಾರವಾಡದ ಕಡೆಯ ವಾಡಿಕೆ.

"ತಪ್ಪಾತ್ರಿ ಸರ್. ನೀವು ಅಷ್ಟು ಕಲಿಸಿದ್ರಿ, ನಾ ನಿಮ್ಮ ಹೆಸರ ಕೆಡಿಸಿದೆ," ಎಂದು ಬಗ್ಗಿದಳು.

ಪಂಚಾಕ್ಷರಿ ಕಾಲು ಹಿಂದಕ್ಕೆ ಎಳೆದುಕೊಂಡ. "ಮುಟ್ಟಬ್ಯಾಡವಾ. ನೀ ಸೇವ್ ಮಾಡಿದ್ದಿ. ಬ್ಯಾಟರಿ ಕಿತ್ತಾಂವ ನಾನು."

"ಖರೇನ್ರಿ? ಹಂಗಾರ ನನ್ನ ಕೈ ತಪ್ಪಿಲ್ಲ?" ಸಿಟ್ಟಾಗಬೇಕಾದವಳ ಮುಖ ಅರಳಿತು. ಅದನ್ನು ನೋಡಲಾರದೆ ಅವನು ಚಪ್ಪಲಿ ಮೆಟ್ಟಿ ಸೀದಾ ಸಿದ್ರಾಮಪ್ಪನವರ ಮನೆಗೆ ನಡೆದ. ಅವಳೂ ಹಿಂದೆ ಬಂದಳು.

ಮನೆ ತುಂಬ ಬನ್ನಿ ಕೊಡಲು ಬಂದವರು. ಅವರೆಲ್ಲರ ಎದುರೇ ಪಂಚಾಕ್ಷರಿ ನಡೆದದ್ದನ್ನು ಹೇಳಿದ. ಕೆಲಸ ಹೋಯಿತೆಂದೇ ಅವನ ಲೆಕ್ಕ. ಸಿದ್ರಾಮಪ್ಪ ಗಹಗಹಿಸಿ ನಕ್ಕರು.

"ಪೂಜಾದಾಗ ಮೈಮರತಿ, ಹೌದಲ್ಲೋ? ಹೋಗ್ಲಿ ಬಿಡು, ಮನಷ್ಯಾ ಅಂದಮ್ಯಾಲೆ ಆಗತೈತಿ. ಹಿಡಿ, ಪೇಡಾ ತಿನ್ನು. ಆ ಹುಡುಗಿಗೂ ಕೆಲಸಕ್ಕ ಬಾ ಅಂತ ಹೇಳು."

ಸೇರಿದವರೂ ನಕ್ಕರು. ಹನುಮವ್ವ ಹೊಸ್ತಿಲಿನ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಪ್ಪು ಅವಳದೆಂದಾಗ ಬುಟ್ಟಿ ಹೊರಬೇಕಾಗಿತ್ತು. ಅದೇ ತಪ್ಪು ಅವನದೆಂದಾಗ ಪೇಡೆ ಬಂತು. ಪಂಚಾಕ್ಷರಿ ಪೇಡೆ ಹಿಡಿದುಕೊಂಡು, ಬಾಗಿಲ ಕಡೆ ಮುಖ ತಿರುಗಿಸಲಾರದೆ, ಬಹಳ ಹೊತ್ತು ಅಲ್ಲೇ ನಿಂತಿದ್ದ.